ಮಾವ ಹಾಕಿದ ಸಜ್ಜಾ

ನಮ್ಮ ಸೋದರಮಾವನಷ್ಟು ಪುಕ್ಕಲು ಮನುಷ್ಯ ಚಿತ್ರದುರ್ಗದ ಸುತ್ತಮುತ್ತ ಇನ್ನೊಬ್ಬರಿಲ್ಲ ಎಂದರೆ ಅವರ ಊರಾದ ಮದಕರಿಪುರದವರು ಜಗಳಕ್ಕೇ ಬರುತ್ತಾರೆ. ಹೊಲಕ್ಕೆ ಬಂದ ಕರಡಿಯನ್ನು ಟವೆಲ್ ಬೀಸಿ ಓಡಿಸಿದ ಗಂಡಸಲ್ಲವೇ! ನಿಜ. ಆದರೆ ಕರಡಿಯನ್ನು ಕಟ್ಟಿದವರು ಅವರಲ್ಲವಲ್ಲ! ಮಾವನಿಗೆ ಹೆದರಿಕೆ ತಾವೇ ಕಟ್ಟಿದ್ದನ್ನು ಕಂಡರೆ.

ಪೇಟೆಯಲ್ಲೊಂದು ಹಳೆಯ ಜವಳಿ ಅಂಗಡಿಯ ಕಟ್ಟಡವಿದೆ. ಐವತ್ತು ವರ್ಷದ ಹಿಂದೆ ಅದು ಊರಿಗೇ ಹೊಸ ಮಾದರಿ. ಕಮಾನಿಲ್ಲ, ಕೆತ್ತನೆಯಿಲ್ಲ, ಬರೀ ಕಾಂಕ್ರೀಟು, ಉದ್ದುದ್ದ ಗಾಜು. ಬಾಗಿಲ ಮೇಲೆ, ಒಂದೂ ಕಂಬವಿಲ್ಲದೆ ಬೀದಿಯ ಕಡೆ ಚಾಚಿಕೊಂಡ ಸಜ್ಜಾ. ಅದನ್ನು ಹಾಕಿದ ಮೇಸ್ತ್ರಿ ನಮ್ಮ ಮಾವ. ಕೆಳಗಿನ ಆಸರೆ ಮರ ಬಿಚ್ಚುವಾಗ ಮೇಸ್ತ್ರಿಯೇ ಅಡಿಯಲ್ಲಿ ನಿಲ್ಲಬೇಕೆಂಬುದು ಗಾರೆ ಕೆಲಸದವರ ರೂಢಿ. ಅವತ್ತು ಮಾವ ಹೊಟ್ಟೆನೋವೆಂದು ಊರಿಗೆ ಓಡಿದರು. ಸಜ್ಜಾ ಬೀಳಲಿಲ್ಲ. ಇವರ ಹೊಟ್ಟೆನೋವು ಮಾತ್ರ ಇನ್ನೂ ವಾಸಿಯಾಗಿಲ್ಲ!

ಆಮೇಲೆ ಅದರಡಿ ಕಾಲಿಟ್ಟಿದ್ದರೆ ಕೇಳಿ! ತಮ್ಮ ಮದುವೆ ಸೀರೆಯನ್ನೂ ರಸ್ತೆಯಾಚೆ ನಿಂತು ಕೈಸನ್ನೆಯಲ್ಲೇ ಆರಿಸಿದರು. ಬೇಡವೆಂದು ಕೈಯಾಡಿಸಿದ ಸೀರೆಯನ್ನೇ ಅಂಗಡಿಯವರು ಕಟ್ಟಿಕೊಟ್ಟರಂತೆ. ಅತ್ತೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಈಗ ಅಂಗಡಿ ಮುಚ್ಚಿದೆ. ಮಾಲೀಕರು ಕಟ್ಟಡ ಕೆಡವದೆ, ಒಳಗನ್ನಷ್ಟೇ ಬದಲಿಸಿ ಬಾಡಿಗೆಗೆ ಕೊಟ್ಟರು. ಹಿಡಿದವರು ಯಾರು? ಹಲ್ಲಿನ ಡಾಕ್ಟರಾದ ನನ್ನ ಮಗಳು! ಸೀರೆ ಹೊದ್ದು ನೋಡುತ್ತಿದ್ದ ನಿಲುವುಗನ್ನಡಿಯಲ್ಲಿ ಇನ್ನು ಜನ ಹಲ್ಲು ಕಿರಿದು ನೋಡಿಕೊಳ್ಳಬೇಕು. ಸುದ್ದಿ ಕೇಳಿದ ಮಾವನಿಗೆ ಅನ್ನ ಸೇರದಾಯಿತು. ಇಂಜಿನಿಯರು ಬಡಿದು, ಕೊರೆದು ನೋಡಿ, ಗಟ್ಟಿಯಾಗಿದೆ ಎಂದರು.

"ಅವ್ರಿಗೇನ್ ಗೊತ್ತೈತೆ? ಕಂಬಿ ಕಟ್ಟಿದ್ದು ನಾನು," ಎಂದರು ಮಾವ. "ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ."

ನಾನು ನಕ್ಕೆ. ನಕ್ಕರೇನು, ಅವತ್ತಿನಿಂದ ನನಗೂ ಅಳುಕು ಹತ್ತಿತು. ಮಗಳು ಆ ಬಾಗಿಲು ದಾಟುವಾಗಲೆಲ್ಲ ನನ್ನ ಕಣ್ಣು ಮೇಲಕ್ಕೇ ಹೋಗುತ್ತಿತ್ತು.

ಕ್ಲಿನಿಕ್ ತೆರೆಯುವ ಪೂಜೆಯ ದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಮಾವ ಸಜ್ಜಾದ ಕೆಳಗೆ, ನಟ್ಟನಡುವೆ ನಿಂತಿದ್ದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬೆಳಕು ಹರಿದಾಗಿನಿಂದ ಹಾಗೇ ನಿಂತಿದ್ದಾರೆಂದು ಎದುರಿನ ಹೂವಿನಾಕೆ ಹೇಳಿದಳು. ಮಗಳು ಅಜ್ಜಾ ಎನ್ನುತ್ತ ಮುಂದೆ ಹೋದಳು.

"ಅಲ್ಲೇ ತಡಿಯವ್ವ," ಎಂದರು ಮಾವ, ಕಣ್ಣು ತೆರೆಯದೆ. "ಅವತ್ತು ನಿಲ್ಬೇಕಿತ್ತು, ನಿಲ್ಲಲಿಲ್ಲ. ಬೀಳಾದಿದ್ರೆ ಮೊದ್ಲು ನನ್ಮೇಲೆ ಬೀಳ್ಲಿ. ಆಮೇಲೆ ನೀನು ಬಾ."

ಅವಳು ತಡೆಯಲಿಲ್ಲ. ಹೋಗಿ ಅವರ ಕೈ ಹಿಡಿದು ಪಕ್ಕದಲ್ಲೇ ನಿಂತಳು. ಆಗ ಮಾವ ಮೆಲ್ಲಗೆ ಕಣ್ಣು ಬಿಟ್ಟು, ಮೊದಲ ಸಲ ತಲೆಯೆತ್ತಿ ತಮ್ಮ ಕೆಲಸವನ್ನು ನೋಡಿದರು.