ಮೂರು ಹೂಂ, ಒಂದು ಮಹಾದಾನ

ಗೋಡೆಗೂ ಕಿವಿ ಇರುತ್ತದೆ ಎಂದು ಹೇಳುವವರು ಗೋಡೆ ಇರುವ ಮನೆಯಲ್ಲಿ ಬಾಳಿದ ಪುಣ್ಯವಂತರು. ನಮ್ಮ ಮನೆಗೆ ಗೋಡೆಯೇ ಇಲ್ಲ. ಸುತ್ತ ಹದಿನಾಲ್ಕು ಕಂಬ, ಮೇಲೊಂದು ಸೂರು, ಮಳೆ ಬಂದರೆ ಇಳಿಬಿಡಲು ಗರಿಯ ತಟ್ಟಿ, ನೆಲಕ್ಕೆ ಚಾಪೆ. ಈ ಸವಾಯಿ ದ್ವೀಪದ ನಮ್ಮೂರಲ್ಲಿ ಮುಕ್ಕಾಲು ಮನೆಗಳು ಹೀಗೆಯೇ. ನಾನು ಇಲ್ಲಿ ಸೀನಿದರೆ ಮೂರನೇ ಮನೆಯ ಮುದುಕಿ ಅಲ್ಲಿಂದಲೇ ಹರಸುತ್ತಾಳೆ. ಇಂಥ ಕಡೆ ಒಬ್ಬ ಗಂಡಸು ಆಂಪ್ಲಿಫೈಯರ್ ಇಟ್ಟುಕೊಂಡು ಹಾಡು ಕೇಳಬೇಕೆಂದರೆ ಎಷ್ಟು ಜನರ ಅಪ್ಪಣೆ ಬೇಕು, ನೀವೇ ಯೋಚಿಸಿ.

ಊರನ್ನು ಹೇಗೋ ಸಂಭಾಳಿಸಬಹುದು. ಹೆಂಡತಿ ಮಾತಾಲೆನಾಳನ್ನು ಸಂಭಾಳಿಸುವುದು ಈ ಪೆನಿಯಮಿನನ ಕೈಲಿ ಇಪ್ಪತ್ತೆರಡು ವರ್ಷದಿಂದ ಆಗಿಲ್ಲ.

ಆ ಆಂಪ್ಲಿಫೈಯರ್ ಅಂಥಿಂಥದ್ದಲ್ಲ. ಅಪಿಯಾ ಪಟ್ಟಣಕ್ಕೆ ವರ್ಗವಾಗಿ ಹೋದ ಹೆಡ್‌ಮಾಸ್ತರರಿಗೆ ಎರಡು ಕೊಬ್ಬಿದ ಹಂದಿ ಕೊಟ್ಟು ಪಡೆದದ್ದು. (ಮಾತಾಲೆನಾ ಇಂದಿಗೂ ಅದರ ಕಡೆ ನೋಡಿದಾಗ ಅವಳಿಗೆ ಕಾಣುವುದು ಹಂದಿಗಳೇ.) ಕಪ್ಪು ಮೈ, ಮುಂದೆ ಕ್ಯಾಸೆಟ್ಟು ತೂರಿಸುವ ಬಾಯಿ, ಆಚೀಚೆ ಎದೆಯೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ, ನಡುವೆ ಬೆಳ್ಳಿ ಬಣ್ಣದ ದಪ್ಪ ತಿರುಗಣೆ, ಅದರ ಸುತ್ತ ಸೊನ್ನೆಯಿಂದ ಹತ್ತರವರೆಗೆ ಅಂಕಿ. ಎರಡು ಪೆಟ್ಟಿಗೆಗಳ ನಡುವಿನ ಕಂಬಗಳಿಗೆ ನನ್ನ ಬಲೆಯ ತೂಗುಮಂಚ.

ಮಧ್ಯಾಹ್ನದ ಊಟವಾಗಿ ಬಿಸಿಲು ಬಾಗುವ ಹೊತ್ತಿಗೆ ನಾನು ಅದರಲ್ಲಿ ಮಲಗಿ ಪ್ರಯಾಣ ಹೊರಡುತ್ತೇನೆ. ತಿರುಗಣೆ ಮೂರರಲ್ಲಿದ್ದರೆ ಇನ್ನೂ ಮನೆಯಲ್ಲೇ ಇರುತ್ತೇನೆ, ಕೋಳಿಗಳ ಸದ್ದೂ ಕೇಳುತ್ತದೆ. ಐದಕ್ಕೆ ಬಂದರೆ ಯಾರೋ ಹಗ್ಗ ಬಿಚ್ಚಿದಂತಾಗಿ ನನ್ನ ದೋಣಿ ತಿಳಿನೀರಿನ ಮೇಲೆ ತಾನೇ ತೇಲುತ್ತದೆ. ಆರಕ್ಕೆ ಕೆಳಗೆ ಹವಳ ಕಾಣುತ್ತದೆ, ನೀಲಿ ಮೀನುಗಳು ತಲೆಯೆತ್ತಿ ನನ್ನ ಯೋಗಕ್ಷೇಮ ವಿಚಾರಿಸುತ್ತವೆ. ಏಳಕ್ಕೆ ನೊರೆಯ ಗೆರೆ ದಾಟಿ ದೊಡ್ಡ ಕಡಲು. ಅಲ್ಲಿ ಸಾಲ ಇಲ್ಲ, ಸೌದೆ ಇಲ್ಲ, ಹೆಂಡತಿಯ ತಮ್ಮಂದಿರಿಲ್ಲ. ಎಂಟಕ್ಕೆ ಅಪ್ಪ ಬರುತ್ತಾನೆ.

ಅಪ್ಪ ಅಂದರೆ ಅಪ್ಪನ ಗಿಟಾರು. ಮೂವತ್ತು ವರ್ಷದ ಹಿಂದೆ ಅಪ್ಪ ಫಿಲೆಮೋನಿ ಮತ್ತು ಅವನ ಗೆಳೆಯರು ಇದೇ ಮನೆಯ ಚಾಪೆಯ ಮೇಲೆ ಕುಳಿತು ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದರು. ಗೆಳೆಯರೆಲ್ಲ ಯಂತ್ರದ ಮುಂದೆ ಕುಳಿತು ಗಂಟಲು ಹರಿದುಕೊಂಡಿದ್ದಾರೆ. ಅಪ್ಪ ಸಂಕೋಚದ ಮನುಷ್ಯ. ಹಿಂದಿನ ಕಂಬಕ್ಕೆ ಒರಗಿದ್ದನಂತೆ. ಅವನ ಗಿಟಾರು ಎಲ್ಲೋ ಏಳು ಮೈಲಿ ಆಚೆ ಕೇಳುತ್ತದೆ. ಅದನ್ನು ಹತ್ತಿರ ಕರೆಯಲು ಎಂಟು ಬೇಕೇ ಬೇಕು. ಅಪ್ಪ ಹೋಗಿ ಹತ್ತು ವರ್ಷವಾಯಿತು, ಅವ್ವ ಹೋಗಿ ಎಂಟು. ನನ್ನ ಪಾಲಿಗೆ ಉಳಿದಿರುವುದು ಆ ಕ್ಯಾಸೆಟ್ಟೊಂದೇ.

ಗಿಟಾರು ಏನಾಯಿತು ಎನ್ನುತ್ತೀರಾ? ಅದು ಚರ್ಚಿನ ಸಭಾಭವನದ ಗೋಡೆಯ ಮೇಲಿದೆ. (ಚರ್ಚಿಗೆ ಗೋಡೆ ಇದೆ.) ಕೆಳಗೆ ಮರದ ಹಲಗೆಯಲ್ಲಿ ‘ಫಿಲೆಮೋನಿಯ ಮಹಾದಾನ’ ಎಂದು ಕೆತ್ತಿದ್ದಾರೆ. ಆ ಹಾಡು ಹಿಡಿದ ವಾರವೇ ಅಪ್ಪ ತನ್ನ ಪ್ರಾಣದಂಥ ಗಿಟಾರನ್ನು ದೇವರಿಗೆ ಕೊಟ್ಟುಬಿಟ್ಟ. ಆಮೇಲೆ ಯಾರು ಕೇಳಿದರೂ ಒಂದು ಮಾತೂ ಆಡುತ್ತಿರಲಿಲ್ಲ, ಸಮುದ್ರ ನೋಡುತ್ತ ಕೂರುತ್ತಿದ್ದ. ಅದನ್ನು ಊರೆಲ್ಲ ವೈರಾಗ್ಯ ಎಂದಿತು. ಮಗನಾಗಿ ಆ ವೈರಾಗ್ಯದ ಬಡ್ಡಿಯಲ್ಲೇ ನಾನು ಇಷ್ಟು ವರ್ಷ ತಲೆಯೆತ್ತಿ ಓಡಾಡಿದ್ದೇನೆ.

ಹೀಗಿರುವಾಗ ಕಳೆದ ತಿಂಗಳು ನರ್ಸಮ್ಮ ಊರವರ ಕಿವಿ ನೋಡಲು ಬಂದರು. ನನ್ನ ಕಿವಿ ನೋಡಿ ನಿಟ್ಟುಸಿರುಬಿಟ್ಟರು. ಕೈಲಿದ್ದ ಸಣ್ಣ ಮೀಟರನ್ನು ತೂಗುಮಂಚದಲ್ಲಿಟ್ಟು, ತಿರುಗಣೆಯನ್ನು ಎಂಟಕ್ಕೆ ತಂದು ಅಳೆದರು.

“ಎಂಬತ್ತೈದು ಡೆಸಿಬಲ್ ಇದ್ರೆ ದಿನಕ್ಕೆ ಎಂಟು ಗಂಟೆ ಕೇಳಬಹುದು. ಅದರ ಮೇಲೆ ಮೂರು ಏರಿದ್ರೆ ನಾಲ್ಕೇ ಗಂಟೆ. ಇನ್ನೂ ಮೂರು ಏರಿದ್ರೆ ಎರಡು. ನಿಮ್ಮದು ನೂರು ತೋರಿಸ್ತಾ ಇದೆ. ಕಾಲು ಗಂಟೆ, ಅಷ್ಟೇ.”

“ನಮ್ಮಪ್ಪ ಶ್ರುತಿ ಮಾಡೋಕೇ ಕಾಲು ಗಂಟೆ ತಗೋತಾನೆ ನರ್ಸಮ್ಮ!”

“ಹಾಗಾದ್ರೆ ಶ್ರುತಿ ಕೇಳಿ ಎದ್ದುಬಿಡಿ. ಮೀಟರು ಇಲ್ಲದವರಿಗೆ ಸುಲಭದ ಲೆಕ್ಕ ಹೇಳ್ತೀನಿ. ತೋಳಳತೆ ದೂರದಲ್ಲಿ ನಿಂತವರು ಮಾಮೂಲಿ ದನಿಯಲ್ಲಿ ಮಾತಾಡಿದ್ದು ಕೇಳಿಸ್ಬೇಕು. ಅವರು ಕೂಗಬೇಕಾಗಿ ಬಂದ್ರೆ ಜಾಸ್ತಿ ಆಯ್ತು ಅಂತ. ಸಣ್ಣ ದನಿ ಕೇಳಬೇಕು ಅಂದ್ರೆ ಹತ್ತಿರ ಹೋಗಿ ಕೂತ್ಕೊಳ್ಳಿ, ಜೋರು ಮಾಡ್ಬೇಡಿ. ಎಂಟರಲ್ಲಿ ಈ ಪೆಟ್ಟಿಗೆ ಹಾಡ್ತಾ ಇಲ್ಲ, ಒದರ್ತಾ ಇದೆ.”

“ಯಾರ ತೋಳು?” ಎಂದು ನಾನು ಕಾನೂನಿನ ಪ್ರಶ್ನೆ ಎತ್ತಿದೆ.

“ನನ್ನದು,” ಎಂದಳು ಮಾತಾಲೆನಾ.

ನರ್ಸಮ್ಮ ಬಸ್ಸು ಹತ್ತುವ ಮೊದಲೇ ಇವಳು ದೋಣಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತಂದು ನಾಲ್ಕರ ಪಕ್ಕ ಒಂದು ಗೆರೆ ಎಳೆದಳು. ಆಮೇಲೆ ಶಾಸನ ಹೊರಡಿಸಿದಳು.

“ನಾನು ಅಡುಗೆ ಚಪ್ಪರದಿಂದ ಆಗಾಗ ಬಂದು ಪಕ್ಕದಲ್ಲಿ ನಿಂತು ಮಾತಾಡ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ಆ ತಂತಿ ಕಿತ್ಕೊಂಡು ಹೋಗಿ ಹಂದಿ ಕಟ್ತೀನಿ.”

“ಯಾವ ಹಂದಿ?”

“ನೀವು ಉಳಿಸಿರೋದು ಒಂದೇ ಅಲ್ವಾ? ಅದನ್ನೇ.”

ಎರಡು ದಿನ ನಾಲ್ಕರಲ್ಲಿ ನರಳಿದೆ. ದೋಣಿ ದಡ ಬಿಡಲೇ ಇಲ್ಲ. ಮೂರನೆಯ ದಿನ ನನಗೆ ಜ್ಞಾನೋದಯವಾಯಿತು. ಮನೆಗೆ ಗೋಡೆ ಇಲ್ಲದ್ದರಿಂದ ಬಾಗಿದ ಬಿಸಿಲು ನೇರವಾಗಿ ನನ್ನ ಮುಖದ ಮೇಲೆ ಬೀಳುತ್ತದೆ. ಮುಚ್ಚಿದ ಕಣ್ಣಿನೊಳಗೆ ಕಿತ್ತಳೆ ಬಣ್ಣದ ಬೆಳಕು. ಮಾತಾಲೆನಾ ಬಂದು ನಿಂತರೆ ಆ ಬೆಳಕು ಕಂದುತ್ತದೆ. ಕಂದಿದಾಗ ‘ಹೂಂ’ ಎಂದರಾಯಿತು! ಕಿವಿಯ ಕೆಲಸವನ್ನು ರೆಪ್ಪೆಗೆ ವಹಿಸಿ ನಾನು ಮತ್ತೆ ಆರಕ್ಕೇರಿದೆ, ಏಳಕ್ಕೇರಿದೆ. ನೆರಳು ಬೀಳುತ್ತಿತ್ತು, ನಾನು ‘ಹೂಂ’ ಎನ್ನುತ್ತಿದ್ದೆ, ಉತ್ತರ ಸಿಕ್ಕಿತಲ್ಲ ಎಂದು ಕೆಂಪು ಗೆರೆಯ ಕಡೆ ನೋಡದೆಯೇ ನೆರಳು ಹೋಗುತ್ತಿತ್ತು. ಇಷ್ಟು ಸೊಗಸಾದ ದಾಂಪತ್ಯವನ್ನು ನಾವು ಹಿಂದೆಂದೂ ನಡೆಸಿರಲಿಲ್ಲ.

ಅದೊಂದು ಗುರುವಾರ ಆರರಲ್ಲಿ ತೇಲುತ್ತಿದ್ದೆ. ನೆರಳು ಬಿತ್ತು. ಅಂದು ಅದು ಎಂದಿಗಿಂತ ದೊಡ್ಡದಾಗಿತ್ತು, ಮೋಡ ಅಂದುಕೊಂಡೆ. ಮೋಡವಾದರೂ ಇರಲಿ ಎಂದು “ಹೂಂ” ಎಂದೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ “ಹೂಂ”. ನೆರಳು ಹೋಗಲಿಲ್ಲ. “ಹೂಂ, ಹೂಂ” ಎಂದು ಧಾರಾಳವಾಗಿ ಸೇರಿಸಿದೆ. ಬೆಳಕು ಮರಳಿತು, ನೀಲಿ ಮೀನುಗಳೂ ಮರಳಿದವು.

ಆ ಸಂಜೆ ತಟ್ಟೆಯಲ್ಲಿ ನನಗೆ ಇಡೀ ಮೀನು ಬಂತು. ಶುಕ್ರವಾರ ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆಯ ಗಂಟು ಮೂರು ಬಂತು, ಮಾತಾಲೆನಾ ಪಕ್ಕದಲ್ಲಿ ಕುಳಿತು ನೊಣ ಓಡಿಸಿದಳು. ಶನಿವಾರ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತ ಕಣ್ಣೊರೆಸಿಕೊಂಡಳು.

“ಯಾಕೇ?” ಎಂದೆ ಗಾಬರಿಯಾಗಿ.

“ಏನಿಲ್ಲ. ನಿಮ್ಮನ್ನ ನಾನು ಇಷ್ಟು ವರ್ಷ ಅರ್ಥವೇ ಮಾಡ್ಕೊಂಡಿರ್ಲಿಲ್ಲ.”

ತಡವಾಗಿಯಾದರೂ ತಿಳಿಯಿತಲ್ಲ ಎಂದು ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ.

ಭಾನುವಾರ ಚರ್ಚಿನಲ್ಲಿ ಯಾರು ಏನು ಕೊಟ್ಟರೆಂಬುದನ್ನು ಹೆಸರು ಹಿಡಿದು ಎಲ್ಲರೆದುರು ಓದುವುದು ನಮ್ಮಲ್ಲಿ ಪದ್ಧತಿ. ಓದಿದ್ದು ಓದಿದ ಹಾಗೆಯೇ. ಅದನ್ನು ಹಿಂತೆಗೆದುಕೊಂಡ ಮನೆತನ ಈ ದಂಡೆಯಲ್ಲಿ ಹುಟ್ಟಿಲ್ಲ. ಚರ್ಚಿನ ಹಿರಿಯ ಟೋವಿಯ ಕನ್ನಡಕ ಏರಿಸಿ ಓದುತ್ತಿದ್ದರು. ಯಾರದೋ ಚಾಪೆ, ಯಾರದೋ ಡಬ್ಬದ ಮೀನು. ನಾನು ತೂಕಡಿಸುತ್ತಿದ್ದೆ.

“ಪೆನಿಯಮಿನ, ಫಿಲೆಮೋನಿಯ ಮಗ. ಮಕ್ಕಳ ಭಾನುವಾರದ ಹಬ್ಬದಲ್ಲಿ ಮಕ್ಕಳು ಹೇಳುವ ಪದ್ಯಗಳು ಹಿಂದಿನ ಸಾಲಿನ ಅಜ್ಜಿಯರಿಗೂ ಕೇಳಿಸಲಿ ಅಂತ ಒಂದು ಆಂಪ್ಲಿಫೈಯರ್. ಎರಡು ಪೆಟ್ಟಿಗೆ ಸಮೇತ. ಶಾಶ್ವತವಾಗಿ.”

ಚರ್ಚೆಲ್ಲ ಒಂದೇ ಉಸಿರಿನಲ್ಲಿ “ಆಹಾ” ಎಂದಿತು. ಅಜ್ಜಿಯರು ಅತ್ತರು. ಪಾದ್ರಿ ಎಲೀಸರ ಎದ್ದು ನಿಂತರು. (ಎದ್ದಾಗ ಕಿಟಕಿಯ ಬೆಳಕೆಲ್ಲ ಮರೆಯಾಯಿತು. ಮೋಡ ಯಾವುದೆಂದು ಆಗ ತಿಳಿಯಿತು.)

“ಗುರುವಾರ ಮನೆಗೆ ಹೋಗಿ ಮೂರು ಸಲ ಕೇಳಿದೆವು,” ಎಂದರು ಪಾದ್ರಿಗಳು ಗದ್ಗದರಾಗಿ. “ಮಾತಾಲೆನಮ್ಮ ‘ಚರ್ಚಿಗೆ ಕೊಡೋಣ್ವಾ’ ಅಂದ್ರು, ಇವರು ಹೂಂ ಅಂದ್ರು. ‘ಪೂರ್ತಿ ಕೊಟ್ಟುಬಿಡೋದಾ’ ಅಂದ್ರು, ಹೂಂ ಅಂದ್ರು. ‘ಪೆಟ್ಟಿಗೆಗಳೂ’ ಅಂದಾಗ ಎರಡು ಸಲ ಹೂಂ ಅಂದ್ರು. ಕಣ್ಣು ಕೂಡ ತೆರೀಲಿಲ್ಲ. ಅಪ್ಪನಂತೆ ಮಗ!”

ನಾನು ಎದ್ದು ತಲೆಬಾಗಿದೆ. ಬೇರೆ ಏನು ಮಾಡಲಿ? ಕೇಳಿಸಲಿಲ್ಲ ಎಂದರೆ ರೆಪ್ಪೆಯ ಗುಟ್ಟು ಬಯಲಾಗುತ್ತದೆ, ಜೊತೆಗೆ ಮೂರು ದಿನದ ಮೀನು ಕಕ್ಕಬೇಕಾಗುತ್ತದೆ. ಪಕ್ಕದಲ್ಲಿ ಮಾತಾಲೆನಾ ನನ್ನ ಕೈ ಹಿಡಿದಳು. ಮದುವೆಯ ದಿನವೂ ಅವಳು ಅಷ್ಟು ಹೆಮ್ಮೆಯಿಂದ ಹಿಡಿದಿರಲಿಲ್ಲ.

ಸೋಮವಾರ ಆರು ಜನ ಬಂದು ಹೊತ್ತುಕೊಂಡು ಹೋದರು. ತೂಗುಮಂಚ ಅಲ್ಲೇ ಇತ್ತು. ಮಲಗಿದರೆ ಕೋಳಿಗಳ ಸದ್ದು ಮಾತ್ರ. ಅಪ್ಪ ಎರಡನೇ ಸಲ ಸತ್ತ ಹಾಗಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಹಂದಿಗೂಡಿನ ಹಿಂದೆ ಹೋಗಿ ಅತ್ತೆ.

ಬುಧವಾರ ಪಾದ್ರಿಗಳೇ ಹೇಳಿಕಳಿಸಿದರು: ಮೊದಲ ಹಾಡು ದಾನಿಯದೇ ಆಗಬೇಕು, ಕ್ಯಾಸೆಟ್ಟು ತರಬೇಕು. ನಾನೂ ಮಾತಾಲೆನಾಳೂ ಸಭಾಭವನಕ್ಕೆ ಹೋದೆವು. ಪಾದ್ರಿಗಳಿದ್ದರು, ಟೋವಿಯ ಇದ್ದರು, ಚಾಪೆ ಹೆಣೆಯುವ ಏಳೆಂಟು ಹೆಂಗಸರಿದ್ದರು. ಗೋಡೆಯ ಮೇಲೆ ಅಪ್ಪನ ಗಿಟಾರು. ನನ್ನ ಕೈ ತಾನಾಗಿ ಎಂಟರ ಕಡೆ ಹೊರಟಿತು.

“ಗೋಡೆ ಇರೋ ಮನೆ ರೀ, ಸದ್ದು ಒಳಗೇ ಸುತ್ತುತ್ತೆ. ಕೆಂಪು ಗೆರೆ ದಾಟ್ಬೇಡಿ,” ಎಂದಳು ಮಾತಾಲೆನಾ. “ಬನ್ನಿ, ಹತ್ತಿರ ಕೂತ್ಕೊಳ್ಳೋಣ.”

ಪೆಟ್ಟಿಗೆಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತೆವು. ನಾಲ್ಕರಲ್ಲಿ ಹಾಡು ಶುರುವಾಯಿತು. ಏನು ಹೇಳಲಿ! ಎಂಟರಲ್ಲಿ ಇಷ್ಟು ವರ್ಷ ನಾನು ಕೇಳಿದ್ದು ಗೊರಗೊರವೇ ಹೊರತು ಅಪ್ಪನನ್ನಲ್ಲ. ಇಲ್ಲಿ ಅವನ ಬೆರಳು ತಂತಿಯ ಮೇಲೆ ಜಾರುವುದೂ ಕೇಳಿತು. ಅವನ ಉಸಿರು ಕೇಳಿತು. ದೂರದಲ್ಲಿ ಮೂವತ್ತು ವರ್ಷದ ಹಿಂದಿನ ಅಲೆ ಬಂದು ದಡಕ್ಕೆ ಬಡಿಯಿತು, ಅಂದಿನ ಕೋಳಿಯೊಂದು ಕೂಗಿತು. ಗೋಡೆಗಳೆಲ್ಲ ಕರಗಿ ನಾನು ಆ ಚಾಪೆಯ ಅಂಚಿನಲ್ಲಿ ಕುಳಿತಿದ್ದೆ. ಆಗ, ಅಪ್ಪನ ಪಕ್ಕದಲ್ಲೇ, ಮೆಲ್ಲಗೆ, ಅವ್ವನ ದನಿ ಬಂತು. ನನ್ನ ಕಣ್ಣು ತುಂಬಿತು.

“ಏನ್ರೀ, ಪಾದ್ರಿಗಳು ಬಂದಿದಾರೆ. ಈ ಗಿಟಾರು ಚರ್ಚಿಗೆ ಕೊಡೋಣ್ವಾ?”

ಗಿಟಾರು ನಿಲ್ಲಲಿಲ್ಲ. “ಹೂಂ,” ಎಂದ ಅಪ್ಪ.

“ಪೂರ್ತಿ ಕೊಟ್ಟುಬಿಡೋದಾ?”

“ಹೂಂ.”

“ಚೀಲ ಸಮೇತ?”

“ಹೂಂ, ಹೂಂ.”

ಅವ್ವನಿಗಾಗಿ ಬಂದ ಕಣ್ಣೀರು ನನ್ನ ಕಣ್ಣಲ್ಲೇ ಇಂಗಿಹೋಯಿತು. ಎಂಟು, ಒಂಬತ್ತು, ಹತ್ತು, ಎಲ್ಲಿಗಾದರೂ ಸರಿ, ಈ ಮಾತು ಮತ್ತೆ ಗೊರಗೊರದಲ್ಲಿ ಮುಳುಗಲಿ ಎಂದು ತಿರುಗಣೆಗೆ ಕೈ ಹಾಕಿದೆ. ಅಲ್ಲಿ ಆಗಲೇ ಮಾತಾಲೆನಾಳ ಕೈ ಇತ್ತು. ಹೆಣೆಯುತ್ತಿದ್ದ ಹೆಂಗಸರಲ್ಲಿ ಒಬ್ಬಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು, ಉಳಿದವರು ಅದನ್ನೂ ಮಾಡಲಿಲ್ಲ, ಬಿದ್ದು ಬಿದ್ದು ನಕ್ಕರು. ಟೋವಿಯ ‘ಮಹಾದಾನ’ ಎಂದು ಕೆತ್ತಿದ್ದ ಹಲಗೆಯನ್ನೇ ನೋಡುತ್ತ ಕನ್ನಡಕ ಒರೆಸಿದರು. ಪಾದ್ರಿಗಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಮಾತಾಲೆನಾ ನನ್ನ ಮುಖವನ್ನೇ ನೋಡಿದಳು. ಮೀನು, ಕೆಸುವಿನ ಗಂಟು, ಇಸ್ತ್ರಿ ಹಾಕಿದ ಅಂಗಿ, ಎಲ್ಲವೂ ಅವಳ ಕಣ್ಣಲ್ಲಿ ಒಂದೊಂದಾಗಿ ಹಾದುಹೋದವು.

“ಹಾಗಾದ್ರೆ ಅವತ್ತು ಗುರುವಾರ ನೀವೂ...”

ನಾನು ‘ಹೂಂ’ ಎನ್ನಲಿಲ್ಲ. ಅಷ್ಟು ಬುದ್ಧಿ ಬಂದಿತ್ತು.

ಮನೆಗೆ ದಂಡೆಯ ದಾರಿಯಲ್ಲಿ ನಡೆದು ಬಂದೆವು. ಅವಳು ಎರಡು ಹೆಜ್ಜೆ ಮುಂದೆ, ನಾನು ಹಿಂದೆ. ಬಿಸಿಲು ಬಾಗಿತ್ತು, ಅವಳ ನೆರಳು ಉದ್ದವಾಗಿ ನನ್ನ ಮೇಲೆ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಅವಳು ತಿರುಗದೆ ಏನೋ ಅಂದಳು. ಅಲೆಯ ಸದ್ದಿಗೆ ನನಗೆ ಕೇಳಿಸಲಿಲ್ಲ. ಅಭ್ಯಾಸದ ‘ಹೂಂ’ ಗಂಟಲಿಗೆ ಬಂದಿತ್ತು. ನುಂಗಿಕೊಂಡೆ. ಓಡಿಹೋಗಿ ತೋಳಳತೆ ದೂರದಲ್ಲಿ ನಿಂತು, “ಏನಂದೆ?” ಎಂದೆ.

ಅವಳು ನಿಂತಳು. “ಇಪ್ಪತ್ತೆರಡು ವರ್ಷಕ್ಕೆ ಮೊದಲನೇ ಸಲ ಕೇಳಿದ್ರಿ,” ಎಂದಳು.

ಅಂದದ್ದೇನು ಎಂದು ಮಾತ್ರ ಇವತ್ತಿನವರೆಗೂ ಹೇಳಿಲ್ಲ. ಉಳಿದ ಒಂದು ಹಂದಿ ಸದ್ಯಕ್ಕೆ ಗೂಡಿನಲ್ಲೇ ಇದೆ, ಅದನ್ನೂ ಚರ್ಚಿಗೆ ಕೊಡೋಣ್ವಾ ಎಂದಿದ್ದಳೋ ಏನೋ ಎಂದು ದಿನಾ ಎಣಿಸುತ್ತಿದ್ದೇನೆ.