ನಾಲ್ಕು ತೂತಿನ ಕುರ್ಚಿ

ಮಕ್ಕಳು ಬೆಳೆಯುತ್ತಾರೆ, ಕುರ್ಚಿಗಳು ಬೆಳೆಯುವುದಿಲ್ಲ. ಸಾವಿರದ ಒಂಬೈನೂರ ಐವತ್ತನಾಲ್ಕರವರೆಗೆ ಮುಂಬೈಯ ಜೋಗೇಶ್ವರಿಯಲ್ಲೂ ಇದೇ ಸ್ಥಿತಿ ಇತ್ತು. ಆ ವರ್ಷ ಗದಿಗೆಪ್ಪ ಬಡಿಗೇರ ಅದನ್ನು ಸರಿಪಡಿಸಿದ.

ಗದಿಗೆಪ್ಪ ಧಾರವಾಡದ ಕಡೆಯವನು. ಚಾಳಿನ ಕೆಳಗೇ ಅವನ ಮರಗೆಲಸದ ಶೆಡ್ಡು. ಮಗಳು ಚನ್ನವ್ವ ಕನ್ನಡ ಶಾಲೆಯಲ್ಲಿ ಎರಡನೇ ಇಯತ್ತೆ. ಹುಡುಗಿ ಕೊತ್ತಂಬರಿ ಕಟ್ಟಿನಷ್ಟು. ಶಾಲೆಯ ಬೆಂಚಿನ ಮೇಲೆ ಕೂತರೆ ಕಾಲು ಗಾಳಿಯಲ್ಲಿ. ಸಂಜೆ ಜೋಮು ಹಿಡಿದ ಕಾಲು ಎಳೆದುಕೊಂಡು ಮನೆಗೆ ಬರುತ್ತಿದ್ದಳು.

“ಒಂದು ಕುಂಡ್ರೂ ಮಣಿ ಹಾಕಿ ನೆಲದ ಮ್ಯಾಲೆ ಕುಂಡ್ರಸ್ರಿ ಅಂತ ಮಾಸ್ತರಗ ಹೇಳಬಾರದ?” ಎಂದಳು ಹೆಂಡತಿ ರುದ್ರವ್ವ.

“ಮುಂಬೈಗೆ ಬಂದೂ ಮಣಿ ಮ್ಯಾಲೆ ಕುಂಡ್ರೂದಾದ್ರ ಊರಾಗ ಇರಬೌದಿತ್ತಲ,” ಎಂದ ಗದಿಗೆಪ್ಪ.

ಕುರ್ಚಿ ಮಾಡಿದ. ಆಚೆಗೊಂದು ಈಚೆಗೊಂದು ಹಲಗೆ. ಅವುಗಳಲ್ಲಿ ಒಂದರ ಮೇಲೊಂದು ನಾಲ್ಕು ತೂತು. ಕೂರುವ ಹಲಗೆಗೆ ಗೂಟ. ಮಗು ಬೆಳೆದ ಹಾಗೆ ಗೂಟ ಕಿತ್ತು ಮೇಲಿನ ತೂತಿಗೆ ಬಡಿದರಾಯಿತು. ತೂತು ನಾಲ್ಕೇ ಏಕೆಂದರೆ ಐದನೆಯದಕ್ಕೆ ಹಲಗೆ ಸಾಲಲಿಲ್ಲ.

ಮುಖ್ಯೋಪಾಧ್ಯಾಯ ಸಂಗಪ್ಪ ಮಾಸ್ತರರು ಬಂದು ನೋಡಿದರು. ಬೆರಳಿಟ್ಟು ಎಣಿಸಿದರು.

“ನಾಲ್ಕು ತೂತು, ನಾಲ್ಕು ಇಯತ್ತೆ! ಏನ್ ದೂರದೃಷ್ಟಿಯಪ ನಿಂದು!”

ಹೊಗಳುವವರಿಗೆ ಎದುರು ಮಾತಾಡುವ ಅಭ್ಯಾಸ ಗದಿಗೆಪ್ಪನಿಗೆ ಇರಲಿಲ್ಲ.

ಶಾಲೆಯ ಸಮಿತಿಗೆ ಅಧ್ಯಕ್ಷರು ದೂಜ ಪೂಜಾರಿ. ಸ್ಟೇಷನ್ನಿನ ಎದುರಿನ ಹೋಟೆಲು ಅವರದು. ಅವರ ಮಗ ಸುಧಾಕರನೂ ಚನ್ನವ್ವನ ಇಯತ್ತೆಯೇ. ಇಡೀ ಶಾಲೆಗೆ ಇಂಥವೇ ಕುರ್ಚಿ ಆಗಲಿ ಎಂದರು ಅಧ್ಯಕ್ಷರು. ಆದವು. ಗೋಡೆಗೆ ಒಂದು ಪ್ರಕಟಣೆಯೂ ಬಂತು:

“ಆಯಾ ಇಯತ್ತೆಯವರು ಆಯಾ ತೂತಿನಲ್ಲಿಯೇ ಕೂರತಕ್ಕದ್ದು. ಕೂತವರ ಪಾದ ನೆಲ ಮುಟ್ಟತಕ್ಕದ್ದು. ಮುಟ್ಟದವರು ಆ ಇಯತ್ತೆಗೆ ಅರ್ಹರಲ್ಲ.”

ಮೊದಲನೆಯದು ಸಾಲು ನೇರವಾಗಿ ಕಾಣಲಿ ಎಂದು. ಎರಡನೆಯದು ಮಕ್ಕಳ ಆರೋಗ್ಯಕ್ಕೆ. ಮೂರನೆಯದನ್ನು ಯಾರು ಸೇರಿಸಿದರೋ ಗೊತ್ತಾಗಲಿಲ್ಲ. ಕಾಗದದಲ್ಲಿ ಜಾಗ ಉಳಿದಿತ್ತು.

ನಾಲ್ಕನೇ ಇಯತ್ತೆಗೆ ಪಾಠ ಹೇಳುವ ಕುಳ್ಳ ಸಂಗಪ್ಪ ಮಾಸ್ತರರ ಪಾದವೇ ನಾಲ್ಕನೇ ತೂತಿನಿಂದ ನೆಲ ಮುಟ್ಟುತ್ತಿರಲಿಲ್ಲ. ಅಂದಿನಿಂದ ಅವರು ನಿಂತೇ ಪಾಠ ಮಾಡಿದರು. ಸಮಿತಿ ಅವರ ಶ್ರದ್ಧೆಯನ್ನು ಮೆಚ್ಚಿಕೊಂಡಿತು.

ವರ್ಷದ ಕೊನೆಗೆ ಪರೀಕ್ಷೆ ಎಂದಿನಂತೆ ನಡೆಯಿತು. ಅದಾದ ಮೇಲೆ ಮುಂದಿನ ಇಯತ್ತೆಯ ತೂತಿನಲ್ಲಿ ಕೂರುವ ಪರೀಕ್ಷೆ; ಪಾಸು ಫೇಲು ಅದರಲ್ಲೇ. ಸುಧಾಕರನಿಗೆ ತನ್ನ ಹೆಸರಿನಲ್ಲಿ ‘ಧ’ ಎಲ್ಲಿ ಬರುತ್ತದೆಂದು ತಿಳಿಯದು. ಆದರೆ ಹೋಟೆಲಿನ ದೋಸೆ ತಿಂದು ಬಿದಿರಿನಂತೆ ಬೆಳೆದಿದ್ದ. ಮೂರನೇ ತೂತಿನಲ್ಲಿ ಕೂತು ಎರಡೂ ಪಾದ ಊರಿದ. ಪಾಸು. ಚನ್ನವ್ವ ಓದಿನಲ್ಲಿ ಮೊದಲನೆಯವಳು. ಮೂರನೇ ತೂತಿನಲ್ಲಿ ಕೂತಾಗ ಹೆಬ್ಬೆರಳು ನೆಲದಿಂದ ಎರಡು ಬೆರಳು ಮೇಲಿತ್ತು. ಫೇಲು.

ಗದಿಗೆಪ್ಪ ಕೆಲಸ ಬಿಟ್ಟು ಓಡಿದ.

“ಮಾಸ್ತರ, ಲೆಕ್ಕದಾಗ ಒಂದೂ ತಪ್ಪಿಲ್ಲಲ್ರಿ ಹುಡುಗೀದು?”

“ಇಲ್ಲಪ. ಆದ್ರ ಲೆಕ್ಕಾ ಕುರ್ಚಿ ಮ್ಯಾಲೆ ಕುಂತ ಮಾಡಬೇಕಲ್ಲ.”

“ಗೂಟ ಒಂದು ತೂತು ಕೆಳಗ ಹಾಕ್ರಿ.”

“ಅದು ಎರಡನೇ ತೂತು. ಅಲ್ಲಿ ಕುಂತವರು ಎರಡನೇ ಇಯತ್ತೆ.”

“ಹಂಗಾರ ಕಾಲು ಇಳಿಬಿಟ್ಟ ಕುಂಡ್ರಲಿ.”

“ಇಳಿಬಿಟ್ಟು ಕುಂಡ್ರಬಾರದು ಅಂತನ ಅಲ್ಲೇನೋ ನೀ ಕುರ್ಚಿ ಮಾಡಿದ್ದು?”

ಗದಿಗೆಪ್ಪ ಕೆಲಸಕ್ಕೆ ಮರಳಿದ. ಕುರ್ಚಿ ಅವನದೇ.

ರಜೆ ಮುಗಿದ ಮೇಲೆ ಮರುಪರೀಕ್ಷೆ. ಅದರಲ್ಲೂ ಪಾದ ಮುಟ್ಟದಿದ್ದರೆ ಶಾಲೆಯಿಂದ ಹೆಸರು ತೆಗೆಯಲಾಗುವುದು ಎಂದು ತಿಳಿಸಿದರು. ರುದ್ರವ್ವ ದಿನಾ ಬೆಳಿಗ್ಗೆ ಮಗಳನ್ನು ಚಾಳಿನ ತೊಲೆಗೆ ಜೋತುಹಾಕಿದಳು. ಕೈ ಉದ್ದವಾದಂತೆ ಕಂಡಿತು. ದೂಜ ಪೂಜಾರಿಯವರ ಹೋಟೆಲಿನ ಮುಂದೆ ಹೊಸ ಬೋರ್ಡು ಬಂತು: “ಪಾದ ನೆಲ ಮುಟ್ಟಿಸುವ ರಾಗಿ ಹಾಲು.” ಚಾಳಿನವರೆಲ್ಲ ಲೋಟ ಹಿಡಿದು ಸಾಲು ನಿಂತರು. ಚನ್ನವ್ವನೂ ಕುಡಿದಳು. ಅಡ್ಡ ಬೆಳೆದಳು.

ಮರುಪರೀಕ್ಷೆಯ ಹಿಂದಿನ ಭಾನುವಾರ, ಕೀಲು ಸಡಿಲಾಗಿದೆ ಎಂದು ಹೇಳಿ ಗದಿಗೆಪ್ಪ ಮೂರನೇ ಇಯತ್ತೆಯ ಒಂದು ಕುರ್ಚಿಯನ್ನು ಶೆಡ್ಡಿಗೆ ಹೊತ್ತು ತಂದ. ತೂತು ಮುಟ್ಟಲಿಲ್ಲ. ಬುಡದಲ್ಲಿ ಎರಡು ಬೆರಳಿನಷ್ಟು ಕೊಯ್ದ. ಮರುದಿನ ಚನ್ನವ್ವ ಅದೇ ಕುರ್ಚಿಯಲ್ಲಿ ಕೂತಳು. ಪಾದ ಊರಿತು. ಪಾಸು.

ಒಂದು ವಾರದೊಳಗೆ ಸಾಲು ಸೊಟ್ಟಗಾಗಿದೆ ಎಂಬ ದೂರು ಬಂತು. ಸಮಿತಿ ಸಭೆ ಸೇರಿತು. ಗದಿಗೆಪ್ಪ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಇವತ್ತು ಮಗಳ ಹೆಸರು ಹೋಗುತ್ತದೆ ಎಂದೇ ಎಣಿಸಿದ್ದ.

“ಎಂತ ಗದಿಗೆಪ್ಪಾ, ಸಂಸ್ಥೆಯ ಕುರ್ಚಿ ಕೊಯ್ದದ್ದಾ ನೀನು?” ದೂಜ ಪೂಜಾರಿ ಕೇಳಿದರು.

“ಹೌದ್ರಿ.”

“ಯಾಕೆ ಮಾರಾಯ?”

“ಹುಡುಗಿ ಉದ್ದ ಆಗವಲ್ಲಳ್ರಿ.”

ಸಂಗಪ್ಪ ಮಾಸ್ತರರು ಗೋಡೆಯ ಬಳಿ ಹೋಗಿ ಪ್ರಕಟಣೆಯನ್ನು ಮತ್ತೊಮ್ಮೆ ಓದಿದರು. ಮಾಸ್ತರರು ಕೂರದೆ ಒಂದು ವರ್ಷವಾಗಿತ್ತು.

“ಅಧ್ಯಕ್ಷರ, ತೂತು ಮೂರನೇದ ಐತಿ. ಪಾದ ಮುಟ್ಟೇತಿ. ಕುರ್ಚಿ ಇಷ್ಟೇ ಎತ್ತರ ಇರಬೇಕು ಅಂತ ಎಲ್ಲೂ ಇಲ್ರಿ.”

“ಅಂದರೆ ಎಲ್ಲ ಕುರ್ಚಿ ಕೊಯ್ದರೆ ಎಲ್ಲ ಮಕ್ಕಳೂ ಪಾಸಾ?”

“ನಿಯಮದ ಪ್ರಕಾರ, ಹೌದ್ರಿ.”

“ಸರಕಾರದ ಗ್ರ್ಯಾಂಟು?”

“ರಿಸಲ್ಟು ಏರಿದ್ರ ಅದೂ ಏರ್ತೈತಿ.”

ದೂಜ ಪೂಜಾರಿ ಗದಿಗೆಪ್ಪನ ಕಡೆ ತಿರುಗಿದರು. “ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ! ಬಾ, ಒಳಗೆ ಬಾ. ಚಾ ಕುಡಿ.”

ಶಿಕ್ಷಣವನ್ನು ಮೇಲೆತ್ತುವ ಸಲುವಾಗಿ ಕುರ್ಚಿಗಳನ್ನು ಕೆಳಗಿಳಿಸತಕ್ಕದ್ದು ಎಂದು ಸರ್ವಾನುಮತದಿಂದ ಗೊತ್ತುವಳಿ ಆಯಿತು. ಗದಿಗೆಪ್ಪನಿಗೆ ಗರಗಸ ಹರಿತ ಮಾಡಿಸಿಕೊಳ್ಳಲು ತಿಳಿಸಲಾಯಿತು.

ಆಮೇಲೆ ಇನ್‌ಸ್ಪೆಕ್ಟರು ಬರುವ ಮುನ್ನ ಪ್ರತಿ ಸಲವೂ ಎರಡು ಬೆರಳು ಕೊಯ್ದರು. ಪ್ರತಿ ಸಲವೂ ರಿಸಲ್ಟು ಏರಿತು. ಸುಧಾಕರನ ಮೊಣಕಾಲು ಗದ್ದಕ್ಕೆ ಬಂತು. ಮೊಣಕಾಲಿನ ಬಗ್ಗೆ ನಿಯಮವಿರಲಿಲ್ಲ. ಮೇಜು ಮಕ್ಕಳ ತಲೆಗಿಂತ ಮೇಲಾಯಿತು. ಪಾಟಿ ತೊಡೆಗೆ ಇಳಿಯಿತು. ಚನ್ನವ್ವ ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಕೂರುವ ಹಲಗೆಯ ಕೆಳಗೆ ಕೊಯ್ಯಲು ಏನೂ ಉಳಿದಿರಲಿಲ್ಲ. ಮೇಲೆ ಉಳಿದ ಒರಗುವ ಹಲಗೆ ಸುಮ್ಮನೆ ಅಡ್ಡ ಎಂದು ಅದನ್ನೂ ತೆಗೆದರು. ಸಂಗಪ್ಪ ಮಾಸ್ತರರು ಕೊನೆಗೂ ಕೂತರು. ಇಂಥ ಎತ್ತರದ ಸಾಧನೆ ಉಪನಗರದಲ್ಲಿ ಬೇರೆಲ್ಲೂ ಕಂಡಿಲ್ಲ ಎಂದು ಇನ್‌ಸ್ಪೆಕ್ಟರು ಬರೆದುಕೊಟ್ಟು ಹೋದರು.

ಶಾಲೆಯ ವಾರ್ಷಿಕೋತ್ಸವದಲ್ಲಿ ಗದಿಗೆಪ್ಪನಿಗೆ ಶಾಲು ಹೊದಿಸಿದರು. ರುದ್ರವ್ವ ಒಂದು ಕುರ್ಚಿಯನ್ನು ಕೈಯಲ್ಲಿ ಎತ್ತಿ, ತಿರುವಿ ನೋಡಿದಳು.

“ಮಾಸ್ತರ, ಇದಕ್ಕ ನಮ್ಮ ಕಡೆ ಮಣಿ ಅಂತಾರ್ರಿ.”

“ಹಂಗನ್ನಬಾರದವ್ವ. ಇದು ಬೆಳೆಯೋ ಕುರ್ಚಿ. ನಾಲ್ಕನೇ ತೂತು.”

ರುದ್ರವ್ವ ಇನ್ನೊಮ್ಮೆ ನೋಡಿದಳು. ಮಗಳ ಪಾಸಾದ ಕಾಗದ ಮಾಸ್ತರರ ಕಿಸೆಯಲ್ಲಿತ್ತು.

“ಹೌದ್ರಿ. ತೂತು ಕಾಣಸ್ತೈತಿ,” ಎಂದಳು.

ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಚನ್ನವ್ವ ಅಪ್ಪನ ಶಾಲು ಜಗ್ಗಿದಳು.

“ಅಪ್ಪಾ, ಕಾಲು ಜೋಮ ಹಿಡದಾವ.”

ಗದಿಗೆಪ್ಪ ಶಾಲು ಸರಿಮಾಡಿಕೊಂಡ.

“ತಡಿಯವ್ವಾ. ಕಾಗದ ಕೊಡೂತನಾ ತಡಿ.”