ಮೆತ್ತಗಾದ ಕಿಕ್ಕರ್

ಗುಂಡ್ಲುಪೇಟೆಯಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟ ಮೇಲೆ ನಗುವುದಕ್ಕೆಂದು ಟೀವಿ ಹಾಕುವುದನ್ನೇ ಬಿಟ್ಟಿದ್ದೇನೆ. ಇಂಜಿನ್ ಕೆಡುವ ರೀತಿ ಒಂದೆರಡೇ, ತರುವವರು ಮಾತ್ರ ದಿನಕ್ಕೊಂದು ಥರ. ಹಂಗಳದ ಕಡೆಯ ಒಬ್ಬ ಹೂವಿನ ರೈತರ ಹಳೇ ಮೊಪೆಡ್ ಒಂದೇ ನನ್ನನ್ನು ಮೂರು ಸಲ ನಗಿಸಿತು.

ತಣ್ಣನೆ ಗಾಳಿ

"ಗಾಡಿ ಏರು ಅತ್ತಕಿಲ್ಲ ಕಣಣ್ಣ. ಆದ್ರೆ ಕಿಕ್ಕರ್ ಬೆಣ್ಣೆ ಅಂಗದೆ," ಎಂದರು ರೈತರು. ಕಿಕ್ಕರ್ ಮೆತ್ತಗಾದಾಗಿನಿಂದ ಅವರ ಹೆಂಡತಿಯೇ ಸ್ಟಾರ್ಟ್ ಮಾಡಿಕೊಂಡು ಬೆಳಗಿನ ಜಾವ ಚೆಂಡು ಹೂವನ್ನು ಮಾರ್ಕೆಟ್ಟಿಗೆ ಒಯ್ಯುತ್ತಿದ್ದರಂತೆ. ಇವರಿಗೆ ಬಿಸಿಲೇರುವವರೆಗೆ ನಿದ್ದೆ. ಆ ಸುಖ ಮುಖದಲ್ಲೇ ಕಾಣುತ್ತಿತ್ತು.

ಮೆತ್ತಗಾದ ಕಿಕ್ಕರೇ ರೋಗ, ಒಳಗೆ ಒತ್ತಡ ನಿಲ್ಲದೆ ಸೋರುತ್ತಿದೆ ಎಂದರ್ಥ. ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಲು ಅವರಿಗೇ ಹೇಳಿ, ನಾನು ಕಿಕ್ಕರ್ ತುಳಿದೆ. ಇಂಜಿನ್ ಸರಿಯಿದ್ದರೆ ಬೆರಳನ್ನೇ ಎಗರಿಸಬೇಕು.

"ತಳ್ತಾ?" ಎಂದೆ.

"ಇಲ್ಲ. ತಣ್ಣಗೆ ಗಾಳಿ ಬತ್ತದೆ. ಇನ್ನೊಂದ್ ಕಿತ ತುಳೀರಣ್ಣ, ಸೆಕೆ."

ಒಗ್ಗರಣೆ

ಸೋರುತ್ತಿರುವುದು ಪಿಸ್ಟನ್ ಸುತ್ತಲಿನ ರಿಂಗಿನಲ್ಲೋ ಬೇರೆಲ್ಲೋ ತಿಳಿಯಲು ಅದೇ ತೂತಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದೆ. ಎಣ್ಣೆ ಸಂದು ಮುಚ್ಚಿದ್ದರಿಂದ ಇಂಜಿನ್ನಿಗೆ ಜೀವ ಬಂತು. ಅಲ್ಲಿಗೆ ಕಳ್ಳ ರಿಂಗೇ ಎಂದಾಯಿತು. ಹೊಸದು ತರಲು ಒಳಗೆ ಹೋದೆ. ಬಂದು ನೋಡಿದರೆ ಗಾಡಿಯೂ ಇಲ್ಲ, ರೈತರೂ ಇಲ್ಲ, ಬೀದಿ ತುಂಬ ಹೊಗೆ.

ಮುಂದಿನ ವಾರ ಗಾಡಿ ತಳ್ಳಿಕೊಂಡು ಬಂದರು. ಇಂಜಿನ್ನಿಂದ ಅಡುಗೆಮನೆ ವಾಸನೆ.

"ನಿಮ್ಮೆಣ್ಣೆಗೆ ಸರಿಯೋಯ್ತಲ್ಲ ಅಂತ ದಿನಾ ಪ್ಲಗ್ ಬಿಚ್ಚಿ ಹುಚ್ಚೆಳ್ಳೆಣ್ಣೆ ಬುಟ್ಟೆ ಕಣಣ್ಣ."

ನನಗೆ ಸಿಟ್ಟು ಬಂತು. "ಸಾಸ್ವೆ ಆಕ್ನಿಲ್ವಾ?"

ಅವರು ಗಾಬರಿಯಾದರು. "ಆಕ್ಬೇಕಿತ್ತಾ?"

ಹಳೇ ರಿಂಗು

ಹೊಸ ರಿಂಗ್ ಹಾಕಿದೆ. ಗಾಡಿ ಒಯ್ಯಲು ಗಂಡ ಹೆಂಡತಿ ಇಬ್ಬರೂ ಬಂದರು. ಹೆಂಡತಿ ಕಿಕ್ಕರ್ ತುಳಿದರು, ಅದು ಅಲ್ಲಾಡಲಿಲ್ಲ. ಮೈಭಾರವೆಲ್ಲ ಬಿಟ್ಟು ತುಳಿದರೆ ಕಾಲನ್ನೇ ವಾಪಸ್ ಒದೆಯಿತು.

"ಕೆಡಿಸ್ಬುಟ್ರಲ್ಲಣ್ಣ ನನ್ ಗಾಡಿಯ!"

"ಈಗ್ಲೇ ಸರಿಯಾಗಿರೋದು ಕಣಕ್ಕ. ಏರು ಅತ್ಬೇಕಂದ್ರೆ ಇಷ್ಟು ಬಿಗಿ ಇರ್ಲೇಬೇಕು."

ಆಕೆ ಗಂಡನ ಕಡೆ ತಿರುಗಿದರು. "ನೀವು ತುಳೀರಿ."

ಅವರು ಪಂಚೆ ಎತ್ತಿ ಕಟ್ಟಿ ತುಳಿದರು. ಇಂಜಿನ್ ಗುಡುಗಿತು. ಅವರು ಹ್ಯಾಂಡಲಿಗೆ ಕೈ ಹಾಕುವಷ್ಟರಲ್ಲಿ ಸೀಟಿನ ಮೇಲೆ ಹೆಂಡತಿ ಕೂತಾಗಿತ್ತು.

"ನಾಳಿಂದ ಕೋಳಿ ಕೂಗೋ ಒತ್ಗೆ ಎದ್ದು ಸ್ಟಾರ್ಟ್ ಮಾಡ್ಕೊಡಿ. ಓಡ್ಸದು ನಾನೇ," ಎಂದವರೇ ಹೊರಟುಬಿಟ್ಟರು. ಎದುರಿನ ಏರನ್ನು ಗಾಡಿ ಸಲೀಸಾಗಿ ಹತ್ತಿತು. ನನಗೆ ಹೆಮ್ಮೆಯೋ ಹೆಮ್ಮೆ.

ರೈತರು ಮೆಲ್ಲಗೆ ಅಂಗಡಿಯೊಳಕ್ಕೆ ಬಂದು, ಗುಜರಿ ಡಬ್ಬದಲ್ಲಿ ಕೈಯಾಡಿಸುತ್ತ ಪಿಸುಗುಟ್ಟಿದರು.

"ಅಣ್ಣ, ಆ ಹಳೇ ರಿಂಗು ಬಿಸಾಕ್ಬುಟ್ರಾ?"